ಜನರಲ್ ಸಾಹೇಬರ ಪಾಳಿ

ಕೊಡ ಮೇಲೆ ಬರುವಷ್ಟರಲ್ಲಿ ಗುರುರಾಜರಾಯರ ಅಂಗೈಗಳು ಸುಲಿದು ಕೆಂಪಾಗಿದ್ದವು. ಬರ್ಮಾ, ಕಾಶ್ಮೀರ ಎಂದು ದಂಡು ನಡೆಸಿ, ಮೇಜರ್ ಜನರಲ್ ಆಗಿ ನಿವೃತ್ತರಾದವರು. ಸಾವಿರಾರು ಜನ ಅವರ ಮಾತು ಕೇಳುತ್ತಿದ್ದರು, ಬೆಳ್ಳಟ್ಟಿಯ ಬಾವಿಯ ಹಗ್ಗ ಮಾತ್ರ ಕೇಳಲೊಲ್ಲದು. ಒದ್ದೆ ಪಂಚೆಯಲ್ಲಿ ನಡುಗುತ್ತಲೇ ಕೊಡವನ್ನು ಹೆಗಲಿಗೇರಿಸಿದರು.

ಅಣ್ಣ ರಾಘವೇಂದ್ರ ತೀರಿಕೊಂಡ ಮೇಲೆ ಮನೆಗೆ ಗಂಡು ದಿಕ್ಕಿರಲಿಲ್ಲ. ಈ ವರ್ಷ ಹನುಮಂತದೇವರ ಪೂಜೆಯ ಪಾಳಿ ಅವರ ಮನೆಯದು. ಬಿಸಿಲು ಗುಡಿಯ ಹೊಸ್ತಿಲು ಮುಟ್ಟುವುದರೊಳಗೆ ಅಭಿಷೇಕ ಆಗದಿದ್ದರೆ ಪಾಳಿ ದಾಯಾದಿ ದತ್ತಾತ್ರಿಯ ಪಾಲಾಗುತ್ತದೆ, ಅದರ ಜೊತೆಗೆ ಗುಡಿಯ ಹೊಲದ ಕಾಳೂ, ಅತ್ತಿಗೆ ಅಂಬುಬಾಯಿಯ ಅನ್ನವೂ. ಮೆಸ್ಸಿನಲ್ಲಿ ಕಂಡದ್ದೆಲ್ಲ ತಿಂದವನು ದೇವರನ್ನು ಮುಟ್ಟುವುದುಂಟೇ ಎಂದು ದತ್ತಾತ್ರಿ ಊರೆಲ್ಲ ಆಡಿಕೊಂಡ. ರಾಯರು ಜಗಳಕ್ಕೆ ಹೋಗಲಿಲ್ಲ. ಪ್ರಾಯಶ್ಚಿತ್ತ ಮಾಡಿಸಿಕೊಂಡು, ಹೊಸ ಜನಿವಾರ ಹಾಕಿಕೊಂಡು, ಮರೆತ ಮಂತ್ರಗಳನ್ನು ಬಾಯಿಪಾಠ ಮಾಡಲು ಕುಳಿತರು. ಗಂಡ ಹೇಳಿದ್ದನ್ನು ಕೇಳಿ ಕೇಳಿ ಕಲಿತಿದ್ದ ಅಂಬುಬಾಯಿ ಬಾಗಿಲ ಮರೆಯಿಂದಲೇ ಜನರಲ್ ಸಾಹೇಬರ ತಪ್ಪು ತಿದ್ದುತ್ತಿದ್ದಳು.

ಇಂದು ಪಾಳಿಯ ಮೊದಲ ದಿನ. ಕನ್ನಡನಾಡು ಒಂದಾದ ದಿನವೂ ಅದೇ ಆದ್ದರಿಂದ ಮೆರವಣಿಗೆಗೆಂದು ಓಣಿಯಲ್ಲಿ ಆಗಲೇ ಜನ ಸೇರುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ದತ್ತಾತ್ರಿ ಕಾಯುತ್ತ ಕುಳಿತಿದ್ದ.

ಗುಡಿಯ ಹತ್ತಿರ ಬಂದಾಗ ಲಕ್ಷ್ಮೇಶ್ವರದ ದಸ್ತಗೀರಸಾಬ ಎದುರಾದ. ಬರ್ಮಾದಲ್ಲಿ ರಾಯರ ಕೈಕೆಳಗಿದ್ದ ಸಿಪಾಯಿ. ಕಾಡಿನಲ್ಲಿ ಇಬ್ಬರೂ ಒಂದೇ ಬಾಟಲಿಯ ನೀರು ಕುಡಿದು ಜೀವ ಉಳಿಸಿಕೊಂಡವರು. ಸಾಹೇಬರು ಬಂದಿದ್ದಾರೆಂದು ಕೇಳಿ ರಾತ್ರಿಯೇ ಹೊರಟು ನಡೆದು ಬಂದಿದ್ದ. ಅವರು ಮಡಿಯಲ್ಲಿರುವುದನ್ನು ಕಂಡು ದೂರದಲ್ಲೇ ನಿಂತು ಸೆಲ್ಯೂಟ್ ಹೊಡೆದ. ಅವನ ಕಣ್ಣು ತುಂಬಿ ಬಂದಿತ್ತು.

ಇವನನ್ನು ದೂರ ನಿಲ್ಲಿಸಿ ಯಾವ ಮುಖ ಹೊತ್ತು ದೇವರ ಮುಂದೆ ಹೋಗಲಿ ಎನಿಸಿತು ರಾಯರಿಗೆ. ಕೊಡ ಕೆಳಗಿಟ್ಟು, ಹೋಗಿ ಅವನನ್ನು ಬಾಚಿ ತಬ್ಬಿಕೊಂಡರು.

ದತ್ತಾತ್ರಿ ಎದ್ದು ನಿಂತ. “ಮಡಿ ಕೆಟ್ಟಿತು. ಇನ್ನ ಪಾಳಿ ನಮ್ಮದು.”

“ಬಿಸಲಿನ್ನೂ ಮಾಳಗಿ ಮ್ಯಾಲದ, ದತ್ತಾತ್ರಿ,” ಎಂದರು ರಾಯರು. “ಬಾವ್ಯಾಗ ನೀರೂ ಅದ.”

ಕೊಡದ ನೀರು ಚೆಲ್ಲಿ ಬಾವಿಗೆ ಮರಳಿದರು. ತಣ್ಣೀರನ್ನು ಮತ್ತೆ ತಲೆಯ ಮೇಲೆ ಸುರಿದುಕೊಂಡು, ಸುಲಿದ ಕೈಯಲ್ಲೇ ಮತ್ತೆ ಹಗ್ಗ ಜಗ್ಗಿದರು. ಅಂಬುಬಾಯಿ ಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಅವರು ಕೊಡ ಹೊತ್ತು ಬಂದಾಗ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿಲು ಗುಡಿಯ ಬಾಗಿಲಿಗೆ ಇಳಿದಿತ್ತು, ಹೊಸ್ತಿಲನ್ನು ಇನ್ನೂ ಮುಟ್ಟಿರಲಿಲ್ಲ. ದಸ್ತಗೀರಸಾಬ ಎರಡೂ ಕೈ ಚಾಚಿ ಮುಂದೆ ಮುಂದೆ ನಡೆದ.

“ಬಾಜೂ ಸರೀರಿ, ಸಾಹೇಬ್ರು ಮಡೀಲಿಂದ ಬರಾಕತ್ತಾರ.”

ಜನ ಗೋಡೆಗೆ ಒತ್ತಿ ನಿಂತರು. ದತ್ತಾತ್ರಿಯೂ ಕಟ್ಟೆಯಿಂದಿಳಿದು, ಪಂಚೆ ಮುದುರಿ ಹಿಡಿದು, ಪಕ್ಕಕ್ಕೆ ಸರಿದ.