ಬೇಗ ಕುಳಿತುಬಿಡುವ ವಕೀಲರು

ವಾದ ತಮ್ಮ ಕಡೆಗೆ ವಾಲುತ್ತಿದೆ ಎನ್ನುವ ಹೊತ್ತಿಗೇ ಮಾತು ನಿಲ್ಲಿಸಿ ಕುಳಿತುಬಿಡುವುದು ಅವರ ಅಭ್ಯಾಸ. ಮೇಲ್ಮನವಿ ನ್ಯಾಯಾಲಯದ ಇತರ ವಕೀಲರು ಅದಕ್ಕೇ ಅವರನ್ನು ಬೆನ್ನ ಹಿಂದೆ ‘ಕೂತ್ಕೊಂಡಪ್ಪ’ ಎನ್ನುತ್ತಿದ್ದರು. ಕಪ್ಪು ಕೋಟಿನ ಮೊಣಕೈ ಸವೆದು ಹೊಳೆಯುತ್ತಿತ್ತು. ನಡಿಗೆಯಲ್ಲಿ, ಎದುರಿಗೆ ಬರುವವರಿಗೆಲ್ಲ ದಾರಿ ಬಿಟ್ಟು ಗೋಡೆಯ ಪಕ್ಕ ಸಾಗುವ ಸಂಕೋಚ. ದನಿಯೋ, ನ್ಯಾಯಮೂರ್ತಿಗಳೇ ಮುಂದಕ್ಕೆ ಬಾಗಿ ಕಿವಿಗೊಡಬೇಕು, ಅಷ್ಟು ಮೆಲು.

ನಾನು ಅವರಲ್ಲಿಗೆ ಹೋದದ್ದು ನನ್ನ ತಮ್ಮನಿಗಾಗಿ. ತಾನು ದುಡಿಯುತ್ತಿದ್ದ ಗೋದಾಮಿಗೇ ಬೆಂಕಿಯಿಟ್ಟನೆಂದು ಅವನಿಗೆ ಹತ್ತು ವರ್ಷದ ಸಜೆಯಾಗಿತ್ತು. ಕಂಡೆನೆಂದು ಹೇಳಿದವನು ಅಲ್ಲಿನ ಕಾವಲುಗಾರನೊಬ್ಬನೇ. ಅವನು ಸಾಕ್ಷಿ ನುಡಿದ ದಿನ ತಮ್ಮನ ವಕೀಲ ಬಂದಿರಲಿಲ್ಲ. ವಿಚಾರಣೆ ನಿಲ್ಲಲಿಲ್ಲ. ಏನಾದರೂ ಕೇಳುವುದಿದೆಯೇ ಎಂದು ನ್ಯಾಯಾಧೀಶರು ತಮ್ಮನನ್ನೇ ಕೇಳಿದರಂತೆ. ಅವನು ಇಲ್ಲವೆಂದು ತಲೆಯಾಡಿಸಿದನಂತೆ.

ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸುತ್ತಿದ್ದ ನಾನು, ತಮ್ಮ ಎಂಥ ಸಾಧು ಎಂಬುದಕ್ಕೆ ಆಧಾರಗಳನ್ನೆಲ್ಲ ಅಣಿಮಾಡಿಕೊಂಡು ಹೋಗಿದ್ದೆ. ಅವರು ಕೈಯೆತ್ತಿ ತಡೆದರು. ಕೆಳಗಿನ ಕೋರ್ಟಿನಲ್ಲಿ ಏನು ನಡೆಯಿತೋ ಅಷ್ಟನ್ನೇ ಮೇಲಿನವರು ನೋಡುವುದು ಎಂದು ವಿವರಿಸಿದರು.

“ಬೆಂಕಿ ಹಚ್ಚೋ ಆಸಾಮಿ ಅಲ್ಲ ಅವನು,” ಎಂದೆ.

“ಇರಬಹುದಮ್ಮ. ಅದು ನಂಗೆ ಗೊತ್ತಿಲ್ಲ. ಆವತ್ತು ಅವನ ಪರವಾಗಿ ಬಾಯಿ ಬಿಡೋಕೆ ಒಬ್ರೂ ಇರ್ಲಿಲ್ಲ. ಅದು ಗೊತ್ತು.”

ಇಷ್ಟು ಒಣ ಮನುಷ್ಯನನ್ನು ನಂಬುವುದು ಹೇಗೆಂದು ಮೈ ಉರಿಯಿತು. ಬೇರೆ ದಾರಿಯಿರಲಿಲ್ಲ, ಪ್ರಕರಣವನ್ನು ಅವರಿಗೇ ಒಪ್ಪಿಸಿದೆ.

ವಾದದ ದಿನ ಹಿರಿಯ ನ್ಯಾಯಮೂರ್ತಿಗಳು ಕೊಂಕಾಗಿಯೇ ಕೇಳಿದರು: “ವಕೀಲರು ಇದ್ದಿದ್ರೆ ಆ ಸಾಕ್ಷೀನ ಏನು ಕೇಳ್ತಿದ್ರು, ಹೇಳಿ ನೋಡೋಣ.”

“ಗೊತ್ತಿಲ್ಲ ಸ್ವಾಮಿ. ಯಾರಿಗೂ ಗೊತ್ತಾಗೋಕೆ ಕೆಳಗಿನ ಕೋರ್ಟು ಅವಕಾಶಾನೇ ಕೊಡ್ಲಿಲ್ಲ. ಅದೇ ನನ್ನ ದೂರು,” ಎಂದವರೇ ಕುಳಿತುಬಿಟ್ಟರು.

ಹಿಂದಿನ ಬೆಂಚಿನಲ್ಲಿದ್ದ ನನಗೆ ಹೋಗಿ ರಟ್ಟೆ ಹಿಡಿದು ಎಬ್ಬಿಸೋಣವೆನಿಸಿತು. ನ್ಯಾಯಮೂರ್ತಿಗಳು ಮಾತ್ರ ಪೆನ್ನು ಕೆಳಗಿಟ್ಟು, ಕೆಳಗಿನ ಕೋರ್ಟಿನ ಕಡತ ಹತ್ತಿರಕ್ಕೆಳೆದು ಆ ದಿನದ ಪುಟ ತೆಗೆದರು. ಆರೋಪಿಯ ಪರ ವಕೀಲರಿಲ್ಲದೆ ಪಡೆದ ಸಾಕ್ಷ್ಯದ ಮೇಲೆ ಶಿಕ್ಷೆ ನಿಲ್ಲದು, ವಿಚಾರಣೆ ಮತ್ತೆ ನಡೆಯಲಿ ಎಂದು ತೀರ್ಪಾಯಿತು. ಮರುವಿಚಾರಣೆಯಲ್ಲಿ ವಕೀಲರೊಬ್ಬರು ಕೆದಕಿ ಕೇಳಿದಾಗ ಕಾವಲುಗಾರ, ತಾನು ಮುಖ ಕಂಡಿರಲಿಲ್ಲ, ಕೆಮ್ಮು ಕೇಳಿ ಅವನೇ ಇರಬೇಕೆಂದುಕೊಂಡೆ ಎಂದ. ತಮ್ಮ ಬಿಡುಗಡೆಯಾಗಿ ಮನೆಗೆ ಬಂದ.

ಆ ತೀರ್ಪು ಹಿಡಿದು ಆಮೇಲೆ ಎಷ್ಟೋ ಜನ ಮರುವಿಚಾರಣೆ ಪಡೆದರು. ನಮ್ಮ ಬೀದಿಯಲ್ಲೇ ಮನೆಗೆ ಕನ್ನ ಹಾಕಿದವನೂ ಅವರಲ್ಲೊಬ್ಬ. ಇವನಿಗೂ ಅದೇ ಹಕ್ಕೇ ಎಂದು ನಮ್ಮ ವಕೀಲರನ್ನು ಮುನಿಸಿನಿಂದ ವಿಚಾರಿಸಿದೆ.

“ನಿಮ್ಮ ತಮ್ಮನಿಗೆ ಅಂತ ಬೇರೆ ಕಾನೂನು ಮಾಡಿಸಿರ್ಲಿಲ್ವಲ್ಲಮ್ಮ,” ಎಂದು ನಕ್ಕರು. ಆ ಕನ್ನಗಳ್ಳನಿಗೆ ಮತ್ತೆ ಶಿಕ್ಷೆಯೇ ಆಯಿತು. ಈ ಸಲ ಪಕ್ಕದಲ್ಲಿ ವಕೀಲರಿದ್ದರು.

ಪ್ರೀತಿಸುವವರು ನಮ್ಮ ಪರ ನಿಲ್ಲುವುದು ದೊಡ್ಡ ಮಾತೇನಲ್ಲ. ನಾನೂ ನಿಂತಿದ್ದೆ, ಪ್ರಯೋಜನವಾಗಲಿಲ್ಲ. ನಾವು ಒಳ್ಳೆಯವರೋ ಅಲ್ಲವೋ ಎಂದು ಕೇಳದೆಯೇ ನಮಗಾಗಿ ಎದ್ದು ನಿಲ್ಲುವ ಇಂಥ ಕೆಲವರು ಇರುವುದರಿಂದಲೇ, ತಾವು ಒಳ್ಳೆಯವರೆಂದು ತೋರಿಸಿಕೊಳ್ಳಲು ಬಾರದವರೂ ಮನೆಗೆ ಮರಳುತ್ತಾರೆ.