ಮಾಲೀಕರ ಹೆಸರು

ಆ ಮನೆಯಲ್ಲಿ ಅರ್ಜಿ ತುಂಬುವ ಕೆಲಸ ಅಳಿಯನದು. ಮಾವ ಟೈಲರ್, ಮಗಳೂ ಟೈಲರ್. ಇಬ್ಬರೂ ಕತ್ತರಿ ಹಿಡಿದರೆ ಬಟ್ಟೆಗೆ ಜೀವ ಬರುತ್ತಿತ್ತು, ಪೆನ್ನು ಹಿಡಿದರೆ ಕೈಗೆ ಜ್ವರ ಬರುತ್ತಿತ್ತು. ಅಳಿಯನೋ, ಔಷಧಿ ಕಂಪನಿಯಲ್ಲಿ ಲೇಬಲ್ಲುಗಳ ಕರಡು ತಿದ್ದುವವನು. ಮಾತ್ರೆ ಡಬ್ಬಿಯ ಮೇಲೆ, ಯಾರೂ ಓದದಷ್ಟು ಸಣ್ಣ ಅಕ್ಷರದಲ್ಲಿ, ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದಿರುತ್ತದಲ್ಲ, ಅದನ್ನು ಓದುವುದಕ್ಕೆಂದೇ ಸಂಬಳ ಪಡೆಯುತ್ತಿದ್ದ ಪ್ರಾಣಿ. ಹದಿನಾಲ್ಕು ವರ್ಷದಲ್ಲಿ ಒಂದು ಚುಕ್ಕೆಯೂ ಅವನ ಕಣ್ಣು ತಪ್ಪಿಸಿ ಹೋಗಿರಲಿಲ್ಲ. ಮಾವ ಅವನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ಅದನ್ನು ಹೊಗಳಿಕೆ ಅಂದುಕೊಂಡು ಅವನು ಬಹಳ ದಿನ ಸಂತೋಷಪಟ್ಟಿದ್ದ.

ಕಂಪನಿ ಅವನನ್ನು ಸಮುದ್ರದಾಚೆಯ ಬಿಸಿಲು ದೇಶದ ಹೊಸ ಕಾರ್ಖಾನೆಗೆ ವರ್ಗ ಮಾಡಿದಾಗ ಮಾವ ತೀರಿಕೊಂಡು ಐದು ತಿಂಗಳಾಗಿತ್ತು. ಅವರು ಬಿಟ್ಟುಹೋಗಿದ್ದು ಒಂದು ಹೊಲಿಗೆ ಯಂತ್ರ, ಒಂದು ಡಬ್ಬಿ ಗುಂಡಿಗಳು, ಮತ್ತು ಆ ಯಂತ್ರದ ಕೆಳಗೆ ಹನ್ನೊಂದು ವರ್ಷದಿಂದ ಮಲಗಿಕೊಂಡೇ ಇದ್ದ ದೊರೆ. ದೊರೆ ಅಂದರೆ ನಾಯಿ. ವರ್ಷಕ್ಕೆ ಎಂಟು ತಿಂಗಳು ಕಂಬಳಿ ಹೊದೆಯುವ ಊರಿಗೆ ಹೇಳಿ ಮಾಡಿಸಿದಂಥ ಪೊದೆಗೂದಲಿನ ನಾಯಿ. ಅದಕ್ಕೂ ಅಳಿಯನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವನನ್ನು ಕಂಡರೆ ಅದು ಬೊಗಳುತ್ತಲೂ ಇರಲಿಲ್ಲ. ಎದ್ದು, ನಿಧಾನವಾಗಿ ತಿರುಗಿ, ಅವನ ಕಡೆ ಬೆನ್ನು ಮಾಡಿ ಮತ್ತೆ ಮಲಗುತ್ತಿತ್ತು. ಬೊಗಳಿದ್ದರೇ ಮರ್ಯಾದೆ ಇತ್ತು.

“ದೊರೆ ಬಂದ್ರೆ ನಾನು ಬರ್ತೀನಿ,” ಎಂದಳು ಹೆಂಡತಿ. “ಅಪ್ಪ ಬಿಟ್ಟುಹೋದ ಜೀವ ಅದೊಂದೇ. ಅಲ್ಲಿ ಅದಕ್ಕೇನಾದ್ರೂ ಆದ್ರೆ ನಾನು ಅಲ್ಲಿರಲ್ಲ ರೀ. ವಾಪಸ್ ಬಂದುಬಿಡ್ತೀನಿ. ಈಗ್ಲೇ ಹೇಳಿರ್ತೀನಿ.”

ಅಳತೆ ತಪ್ಪದೆ ಕತ್ತರಿಸಿದಂತೆ ಮಾತಾಡುವುದು ಆ ಮನೆತನದ ಗುಣ. ಅಳಿಯ ಅರ್ಜಿಗಳ ಮುಂದೆ ಕೂತ.

ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಪತ್ರ, ರಕ್ತಪರೀಕ್ಷೆಯ ಪತ್ರ, ಕುತ್ತಿಗೆಯ ಚರ್ಮದಡಿ ಕೂರಿಸಿದ ಗುರುತಿನ ಮೈಕ್ರೋಚಿಪ್ಪಿನ ಹದಿನೈದು ಅಂಕಿ, ವಿಮಾನದ ಪೆಟ್ಟಿಗೆಯ ಉದ್ದ ಅಗಲ ಎತ್ತರ, ಎಲ್ಲವೂ ನಾಲ್ಕು ನಾಲ್ಕು ಪ್ರತಿ. ಪ್ರತಿಯೊಂದನ್ನೂ ಮೂರು ಸಲ ಓದಿದ. ನಾಲ್ಕನೆಯ ಸಲ ಕೊನೆಯ ಪದದಿಂದ ಮೊದಲ ಪದದ ಕಡೆಗೆ ಓದಿದ. ಹಾಗೆ ಓದಿದರೆ ಅರ್ಥ ಅಡ್ಡ ಬರುವುದಿಲ್ಲ, ತಪ್ಪು ಮಾತ್ರ ಕಣ್ಣಿಗೆ ಬೀಳುತ್ತದೆ ಎನ್ನುವುದು ಅವನ ಕಸುಬಿನ ಗುಟ್ಟು. ಆ ದೇಶದಲ್ಲಿ ಇಳಿದಾಗ ವಿಮಾನ ನಿಲ್ದಾಣದ ಅಧಿಕಾರಿ ಕಾಗದಗಳನ್ನು ತಿರುವಿ, ಇಷ್ಟು ಚೊಕ್ಕವಾದ ಅರ್ಜಿಯನ್ನು ತಾವು ನೋಡಿಯೇ ಇಲ್ಲ ಎಂದರು. ಅಳಿಯ ಹಿಗ್ಗಿ ಹೀರೇಕಾಯಿಯಾದ.

ಆ ಹಿಗ್ಗು ಎರಡು ಗಂಟೆ ಬಾಳಿತು. ಹೊರದೇಶದಿಂದ ಬಂದ ನಾಯಿಗಳನ್ನು ಮೂವತ್ತು ದಿನ ಬೇರೆ ಇಟ್ಟು ನೋಡುವ ಕೇಂದ್ರವೊಂದಿತ್ತು. ನೋಡಲು ದಿನಕ್ಕೆ ಒಂದು ಗಂಟೆ, ನಾಲ್ಕರಿಂದ ಐದು. ಮಾಲೀಕರಿಗೆ ಮಾತ್ರ ಪ್ರವೇಶ. ಗೇಟಿನ ಕಾವಲುಗಾರ ಕಾಗದ ನೋಡಿದ, ಹೆಂಡತಿಯನ್ನು ನೋಡಿದ, ಅಡ್ಡಡ್ಡ ತಲೆಯಾಡಿಸಿದ. ‘ಮಾಲೀಕರ ಹೆಸರು’ ಎಂಬಲ್ಲಿ ಅಳಿಯನ ಹೆಸರಿತ್ತು. ನಾಲ್ಕೂ ಪ್ರತಿಯಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಬ್ಯಾಂಕು, ಗ್ಯಾಸು, ಕರೆಂಟು, ಯಾವ ಅರ್ಜಿಯಾದರೂ ಆ ಜಾಗ ಬಂದ ಕೂಡಲೇ ಕೈ ತಾನಾಗಿ ಬರೆದುಬಿಡುತ್ತಿದ್ದ ಹೆಸರು ಅದು. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಮನುಷ್ಯ ಮಾತ್ರ ತಪ್ಪಾಗಿದ್ದ.

ತಿದ್ದಿಸಬೇಕಾದರೆ ಹಳೆಯ ಊರಿನ ಕಚೇರಿಯಿಂದ ಹೊಸದಾಗಿ ಮುದ್ರೆ ಬಿದ್ದು ಬರಬೇಕು. ಅದಕ್ಕೆ ಐದು ವಾರ. ಅಷ್ಟರಲ್ಲಿ ನಾಯಿಯೇ ಹೊರಗೆ ಬಂದಿರುತ್ತದೆ.

ಹೆಂಡತಿ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಗೇಟಿನಾಚೆ ಸುಡು ಬಿಸಿಲಲ್ಲಿ ನಿಂತು, “ನೀವೇ ಹೋಗಿ ಬನ್ನಿ. ನೀರು ತಣ್ಣಗಿದ್ಯಾ ನೋಡಿ. ಹೆದರಿರುತ್ತೆ, ಒಂದ್ಸಲ ತಲೆ ಸವರಿ,” ಎಂದಳು ಅಷ್ಟೆ.

ದೊರೆ ಹನ್ನೆರಡನೆಯ ಕೋಣೆಯಲ್ಲಿ, ಸಿಮೆಂಟು ನೆಲದ ಮೇಲೆ, ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಬಟ್ಟಲಿನಲ್ಲಿ ಹಾಕಿದ ಊಟ ಹಾಕಿದ ಹಾಗೇ ಇತ್ತು. ಅದು ತಲೆಯೆತ್ತಿ ಅಳಿಯನನ್ನು ನೋಡಿತು. ಆ ದೇಶದಲ್ಲಿ, ಗೇಟಿನ ಈಚೆಗೆ, ಅದಕ್ಕೆ ಗುರುತಿದ್ದ ಮುಖ ಅದೊಂದೇ. ನೋಡಿ, ಎದ್ದು, ನಿಧಾನವಾಗಿ ತಿರುಗಿ, ಬೆನ್ನು ಮಾಡಿ ಮಲಗಿತು. ಅಳಿಯ ಒಂದು ಗಂಟೆ ಆ ಬೆನ್ನಿನ ಜೊತೆ ಕೂತಿದ್ದು ಎದ್ದು ಬಂದ.

“ತಿಂತಾ?” ಹೆಂಡತಿಯ ಮುಖ ಬಿಸಿಲಿಗೆ ಕೆಂಡವಾಗಿತ್ತು.

“ತಿಂತು,” ಅಂದುಬಿಟ್ಟ.

“ಹಾಗೇನಾ? ಇಟ್ಟ ತಕ್ಷಣ? ಸುಮ್ನೆ?”

“ಸುಮ್ನೆ.”

ಅವಳು ಅವನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, ಹೇಳದೆ ಮುಚ್ಚಿದಳು. ಆಮೇಲೆ, “ಸದ್ಯ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಬರುತ್ತದೆಂದು ಅಳಿಯನಿಗೆ ಗೊತ್ತಿರಲಿಲ್ಲ. ಅಭ್ಯಾಸವಿಲ್ಲದವನ ಮೊದಲ ಸುಳ್ಳು. ಅದನ್ನು ವಾಪಸ್ ತೆಗೆದುಕೊಳ್ಳುವ ಬಗೆ ಅವನಿಗೆ ಗೊತ್ತಾಗಲಿಲ್ಲ. ಹಾಗಾಗಿ ಮರುದಿನವೂ ತಿಂತು ಎಂದ, ಅದರ ಮರುದಿನವೂ ತಿಂತು ಎಂದ.

ಹೆಂಡತಿ ಗೇಟಿನ ತನಕ ಬರುವುದನ್ನು ಬಿಟ್ಟು ಬಾಡಿಗೆ ಮನೆಯನ್ನು ದೊರೆಗಾಗಿ ಅಣಿಮಾಡತೊಡಗಿದಳು. ಟೇಬಲ್ ಫ್ಯಾನನ್ನು ಟೇಬಲ್ಲಿನಿಂದ ಇಳಿಸಿ ನೆಲಕ್ಕೆ ಇಟ್ಟಳು. ಎದುರಿನ ರಸ್ತೆಯ ಡಾಂಬರಿಗೆ ದಿನದ ಬೇರೆಬೇರೆ ಹೊತ್ತಿನಲ್ಲಿ ಅಂಗೈ ಒತ್ತಿ ನೋಡಿ, ಬೆಳಗ್ಗೆ ಆರೂವರೆಯ ಮೇಲೆ ನಾಯಿಯ ಪಾದ ಅಲ್ಲಿ ಊರುವ ಹಾಗಿಲ್ಲ ಎಂದು ತೀರ್ಮಾನಿಸಿದಳು. ಮೈಗೆ ಕಚ್ಚಿದ ಉಣ್ಣೆಹುಳು ಕೀಳುವ ಚಿಮುಟ, ಸೊಳ್ಳೆಯಿಂದ ಎದೆಗೆ ಇಳಿಯುವ ಹುಳುವಿನ ಮಾತ್ರೆ, ಎಲ್ಲ ಒಂದು ತಟ್ಟೆಯಲ್ಲಿ ಸಿದ್ಧ. ಹೊಲಿಗೆ ಯಂತ್ರ ಇನ್ನೂ ಹಡಗಿನಲ್ಲಿತ್ತು. ನೀರಲ್ಲಿ ಅದ್ದಿ ಹೊದಿಸಲು ಒಂದು ಹತ್ತಿಯ ಅಂಗಿಯನ್ನು ಕೈಯಲ್ಲೇ ಹೊಲಿದಳು. ಅಳತೆಯನ್ನು ನೆನಪಿನಿಂದಲೇ ತೆಗೆದಿದ್ದಳು. ಆ ಅಳತೆ ಈಗ ದೊಡ್ಡದಾಗುತ್ತದೆಂದು ಅಳಿಯನಿಗೆ ಮಾತ್ರ ಗೊತ್ತಿತ್ತು.

ಐದನೆಯ ದಿನ ಕೇಂದ್ರದ ಆಳು ಕೂದಲು ಕತ್ತರಿಸುವ ಯಂತ್ರ ಹಿಡಿದು ಬಂದ. ಈ ಕಂಬಳಿ ತೆಗೆದರೆ ತಂಪಾಗಿ ತಿನ್ನುತ್ತದೆ ಎಂಬುದು ಅವನ ವಾದ. ಅಳಿಯ ಬಾಗಿಲಿಗೆ ಅಡ್ಡ ನಿಂತ. ಆ ಕೂದಲು ಚಳಿ ತಡೆದ ಹಾಗೆಯೇ ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಚರ್ಮ ಸುಟ್ಟುಹೋಗುತ್ತದೆ ಎಂದು ಹೆಂಡತಿ ಅವನಿಗೆ ಬಾಯಿಪಾಠ ಮಾಡಿಸಿದ್ದಳು. ಜೇಬಿನಿಂದ ಕಾಗದ ತೆಗೆದು ‘ಕೂದಲು ಕತ್ತರಿಸಬಾರದು’ ಎಂದು ಲೇಬಲ್ಲುಗಳಿಂದ ಕಲಿತಿದ್ದ ಆ ದೇಶದ ಭಾಷೆಯಲ್ಲಿ ಬರೆದು, ಎರಡು ಸಲ ಓದಿ, ಬಾಗಿಲಿಗೆ ಅಂಟಿಸಿದ. ದೊರೆ ಇದನ್ನೆಲ್ಲ ನೋಡಲಿಲ್ಲ. ಅದು ಗೋಡೆ ನೋಡುತ್ತಿತ್ತು.

ಏಳನೆಯ ದಿನ ಅಲ್ಲಿನ ಡಾಕ್ಟರಮ್ಮ ಅವನನ್ನು ಒಳಗೆ ಕರೆದರು. “ಮೂರೂವರೆ ಕೆಜಿ ಇಳಿದಿದೆ. ನೀರು ಕುಡಿಯುತ್ತೆ, ಗಂಜಿ ಪಿಚಕಾರಿಯಲ್ಲಿ ಹಾಕಿದ್ರೆ ಅರ್ಧ ಉಗಿಯುತ್ತೆ. ವಯಸ್ಸಾಗಿದೆ, ಸೆಕೆ ಬೇರೆ. ಇನ್ನು ಮೂರು ದಿನ ನೋಡೋಣ. ಆಮೇಲೆ ನನ್ನ ಕೈಲೂ ಏನಿಲ್ಲ, ನಿಮ್ಮ ಕೈಲೂ ಏನಿಲ್ಲ. ಅಲ್ಲಾ, ಮನೇಲಿ ಹೇಗೆ ತಿನ್ನಿಸ್ತಿದ್ರಿ?”

ಹೇಗೆ ತಿನ್ನಿಸುತ್ತಿದ್ದರು? ಮಾಲೀಕನಿಗೆ ಗೊತ್ತಿರಲಿಲ್ಲ. ಊರಿನಲ್ಲಿ, ಮನೆಯ ಕೆಳಗಿನ ಟೈಲರ್ ಅಂಗಡಿಯಲ್ಲಿ, ಏಳು ಗಂಟೆಗೆ ಮಾವನೂ ನಾಯಿಯೂ ಒಟ್ಟಿಗೆ ಉಣ್ಣುತ್ತಿದ್ದರು. ಅವನು ಕೆಲಸ ಮುಗಿಸಿ ಬರುವಾಗ ಎಂಟೂವರೆ.

ಆ ಸಂಜೆ, ಚಹಾ ಕುಡಿಯುತ್ತ, ಮಾತಿಗೆ ಮಾತು ಬಂತು ಎನ್ನುವ ಹಾಗೆ ಕೇಳಿದ. “ಡಾಕ್ಟರಮ್ಮ ಕೇಳ್ತಿದ್ರು, ಅಪ್ಪ ಅದಕ್ಕೆ ಹೇಗೆ ಊಟ ಹಾಕ್ತಿದ್ರು ಅಂತ.”

“ಬಿಡಿ, ಏನಿಲ್ಲ.”

“ಏನಿಲ್ಲ ಅಂದ್ರೆ?”

ಹೆಂಡತಿ ಸೂಜಿ ಕೆಳಗಿಟ್ಟಳು. “ಬೇಜಾರು ಮಾಡ್ಕೋಬಾರ್ದು. ಅಪ್ಪ ಊಟಕ್ಕೆ ಕೂತ್ರೆ ನಿಮ್ಮನ್ನ ಬೈಯೋರು.”

“ನನ್ನನ್ನ?”

“ದಿನಾ. ಬಟ್ಟಲು ಇಟ್ಟು, ‘ನೋಡೋ ದೊರೆ, ಎಂಥಾ ಅಳಿಯ ಸಿಕ್ಕಿದಾನೆ ನಮಗೆ’ ಅಂತ ಶುರು ಮಾಡಿದ್ರೆ ಅದು ತಿನ್ನೋಕೆ ಶುರು ಮಾಡೋದು. ಮರಿಯಿಂದ ರೂಢಿ ಆಗೋಯ್ತು. ಬೈಗುಳ ನಿಂತ್ರೆ ಅದೂ ತಿನ್ನೋದು ನಿಲ್ಲಿಸೋದು.”

ಅಳಿಯ ಲೆಕ್ಕ ಹಾಕಿದ. ಅವನ ಮದುವೆಯಾಗಿ ಹನ್ನೊಂದು ವರ್ಷ. ದೊರೆಯ ವಯಸ್ಸೂ ಹನ್ನೊಂದು. “ಅಪ್ಪ ಹೋದ ಮೇಲೆ?”

ಅವಳು ಮತ್ತೆ ಸೂಜಿ ಕೈಗೆತ್ತಿಕೊಂಡಳು. “ನಾನು ಬೈತಿದ್ದೆ. ಏನ್ ಮಾಡ್ಲಿ, ಅದು ತಿನ್ಬೇಕಲ್ಲ. ಇಲ್ಲಿ ಸುಮ್ನೇ ತಿಂತಿದೆ ಅಂತ ನೀವು ಹೇಳಿದ್ರಿ. ಹೆಂಗೋ, ಆ ಅಭ್ಯಾಸ ಬಿಡ್ತಲ್ಲ ಅಂತ ಖುಷಿ ಆಯ್ತು.”

ಮೊದಲ ದಿನ ನಿಜ ಹೇಳಿದ್ದರೆ ಮೊದಲ ದಿನವೇ ಮದ್ದು ಸಿಗುತ್ತಿತ್ತು. ಈಗಲಾದರೂ ಹೇಳಬಹುದಿತ್ತು. ಅವನು ಹೇಳಲಿಲ್ಲ. “ಏನೇನು ಬೈತಿದ್ರಿ?” ಎಂದು ಮಾತ್ರ ಕೇಳಿದ. ಅವಳು ಹೇಳಿದಳು. ಬಹಳ ಹೊತ್ತು ಹೇಳಿದಳು.

ಎಂಟನೆಯ ದಿನ ಅವನು ಅದನ್ನೆಲ್ಲ ಅಂಕಿ ಹಾಕಿ ಪಟ್ಟಿ ಮಾಡಿಕೊಂಡು ಹೋದ. ಕೋಣೆಯ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು ಓದಿದ. “ಒಂದು. ಒಂದು ಗುಂಡಿ ಹೊಲಿಯೋಕೂ ಬರಲ್ಲ. ಎರಡು. ಊಟಕ್ಕೆ ಕೂತು ಉಪ್ಪಿನ ಪ್ಯಾಕೆಟ್ ಓದ್ತಾನೆ. ಮೂರು. ನಕ್ಕರೆ ಸಂಬಳದಲ್ಲಿ ಹಿಡಿದುಕೊಳ್ತಾರೆ ಅನ್ನೋ ಹಾಗೆ ನಗ್ತಾನೆ.” ಇಪ್ಪತ್ತೆರಡರ ತನಕ ಓದಿದ. ಒಂದು ಅಕ್ಷರ ತಪ್ಪಲಿಲ್ಲ. ದೊರೆಯ ಬಾಲದ ತುದಿಯೂ ಅಲುಗಲಿಲ್ಲ.

ಗಡಿಯಾರ ನೋಡಿದ, ಇಪ್ಪತ್ತು ನಿಮಿಷ ಉಳಿದಿತ್ತು. ಬಾಗಿಲಿಗೆ ನೇತುಹಾಕಿದ್ದ ಚೀಟಿ ಕಣ್ಣಿಗೆ ಬಿತ್ತು. ನಾಯಿಯ ಹೆಸರು, ತೂಕ, ತೂಕವನ್ನು ಹೊಡೆದು ಹಾಕಿ ಬರೆದ ಹೊಸ ತೂಕ, ಅದನ್ನೂ ಹೊಡೆದು ಹಾಕಿ ಬರೆದ ಇನ್ನೊಂದು ತೂಕ. ಕೆಳಗೆ, ಮಾಲೀಕರ ಹೆಸರು. ಆ ಹೆಸರನ್ನು ನೋಡನೋಡುತ್ತ ಅವನ ಮೈ ಉರಿದುಹೋಯಿತು, ಬಾಯಿಗೆ ಮಾವನ ಮಾತೇ ಬಂತು.

“ನೋಡೋ ದೊರೆ, ನೋಡು! ಎಂಥಾ ಅಳಿಯ ಸಿಕ್ಕಿದಾನೆ ನಮಗೆ! ಊರೋರ ತಪ್ಪೆಲ್ಲಾ ಹುಡುಕೋ ಮಹಾನುಭಾವ, ತನ್ನ ಹೆಸರು ಬರೆಯೋವಾಗ ಕಣ್ಣೆಲ್ಲಿತ್ತು ಇವನಿಗೆ? ನಾಯಿ ಇವಂದಾ? ಒಂದಿನ ಒಂದು ತುತ್ತು ಹಾಕಿದಾನಾ? ನನ್ನ ಮಗಳನ್ನ ಗೇಟಿನಾಚೆ ಬಿಸಿಲಲ್ಲಿ ನಿಲ್ಲಿಸ್ದ, ದಂಡಪಿಂಡ! ಬಂದು ಸುಳ್ಳು ಬೇರೆ ಹೇಳ್ದ!”

ದೊರೆಯ ಒಂದು ಕಿವಿ ನಿಂತಿತು. ಆಮೇಲೆ ಇನ್ನೊಂದು. ಎದ್ದು, ನಿಧಾನವಾಗಿ ತಿರುಗಿ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನ ಕಡೆ ಮುಖ ಮಾಡಿತು. ಬಟ್ಟಲಿಗೆ ಬಾಯಿ ಹಾಕಿತು. ಅಳಿಯ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ಅದೂ ನಿಲ್ಲಿಸಿ ತಲೆಯೆತ್ತಿತು. ಅವನು ಮುಂದುವರಿಸಿದ. ಕಣ್ಣಲ್ಲಿ ಧಾರಾಕಾರ ನೀರು, ಬಾಯಲ್ಲಿ ಧಾರಾಕಾರ ಬೈಗುಳ. ಬಟ್ಟಲು ಖಾಲಿಯಾಯಿತು.

ಅಲ್ಲಿಂದ ಮುಂದೆ ದಿನಾ ನಾಲ್ಕರಿಂದ ಐದರ ತನಕ ಅವನು ತನ್ನನ್ನು ತಾನು ಬೈದುಕೊಂಡ. ಬಾಯಿಪಾಠ ಒಪ್ಪಿಸಿದರೆ ದೊರೆ ತಿನ್ನುತ್ತಿರಲಿಲ್ಲ, ಕೋಪ ನಿಜವಾಗಿರಬೇಕಿತ್ತು. ಮಾವನ ಪಟ್ಟಿ ಹದಿನೈದನೆಯ ದಿನಕ್ಕೆ ಮುಗಿಯಿತು. ಆಮೇಲೆ ಸ್ವಂತದ್ದೇ. ಮಾವ ತೀರಿಕೊಂಡ ಬೆಳಗ್ಗೆ ಆಸ್ಪತ್ರೆಯ ಫಾರಂನಲ್ಲಿದ್ದ ಎರಡು ತಪ್ಪುಗಳನ್ನು ತಿದ್ದುತ್ತ ಕೂತಿದ್ದ, ಹೆಂಡತಿಯ ಪಕ್ಕ ಹೋಗಿ ಕೂರಲಿಲ್ಲ ಎಂಬುದು ಇಪ್ಪತ್ತೊಂದನೆಯ ದಿನ ಹೊರಗೆ ಬಂತು. ಅಂದು ದೊರೆ ಇನ್ನೊಂದು ಬಟ್ಟಲು ಕೇಳಿತು. ಅವನ ಭಾಷೆ ಅರಿಯದ ಕಾವಲುಗಾರ ಇದೇನೋ ಪ್ರಾರ್ಥನೆ ಎಂದು ತಿಳಿದು ಟೋಪಿ ತೆಗೆದು ನಿಲ್ಲುತ್ತಿದ್ದ. ನಿಮ್ಮ ದೇವರಿಗೆ ಕಿವಿ ಸ್ವಲ್ಪ ಮಂದವೇ ಎಂದು ಒಂದು ದಿನ ಬಹಳ ಮರ್ಯಾದೆಯಿಂದ ವಿಚಾರಿಸಿದ.

ಮನೆಯಲ್ಲಿ ಹೆಂಡತಿ ಎಂದಿನಂತೆ ಕೇಳುತ್ತಿದ್ದಳು, ಅವನು ಎಂದಿನಂತೆ ತಿಂತು ಎನ್ನುತ್ತಿದ್ದ. ಈಗ ಅದು ನಿಜ. ಆದರೆ ಹಿಂದಿನ ಏಳು ದಿನ ಹಾಗೇ ಉಳಿದಿದ್ದವು.

ಮೂವತ್ತೊಂದನೆಯ ದಿನ ದೊರೆ ಮನೆಗೆ ಬಂತು. ಹೆಂಡತಿ ನೆಲಕ್ಕೆ ಕೂತು ಅದರ ಕತ್ತು ತಬ್ಬಿಕೊಂಡಳು. ಅದು ಅವಳ ಕೈ, ಮುಖ, ಕಿವಿ ಎಲ್ಲ ನೆಕ್ಕಿತು. ಒದ್ದೆ ಅಂಗಿ ತೊಡಿಸಿದಳು. ಅಂಗಿ ಸಡಿಲವಾಯಿತು. ಅವಳು ಎರಡು ಬೆರಳಲ್ಲಿ ಆ ಸಡಿಲನ್ನು ಹಿಡಿದು ನೋಡಿದಳು. ಏಳು ಗಂಟೆಗೆ ಬಟ್ಟಲು ತಂದಿಟ್ಟಳು.

ದೊರೆ ಬಟ್ಟಲು ಮೂಸಿತು. ಹೆಂಡತಿಯನ್ನು ದಾಟಿ, ನೇರ ಅಳಿಯನ ಮುಂದೆ ಬಂದು ಕೂತು, ಅವನ ಬಾಯನ್ನೇ ನೋಡತೊಡಗಿತು.

“ಇದ್ಯಾಕೆ ನಿಮ್ಮನ್ನ ನೋಡ್ತಿದೆ? ಅಲ್ಲಿ ಸುಮ್ನೇ ತಿಂತಿತ್ತು ಅಂದ್ರಲ್ಲ?”

ಅಳಿಯ ನಾಯಿಯನ್ನು ನೋಡಿದ. ನಾಯಿ ಕಾದಿತ್ತು. ಅವನು ಎದ್ದು ನಿಂತ.

“ನೋಡೋ ದೊರೆ, ಎಂಥಾ ಅಳಿಯ ಸಿಕ್ಕಿದಾನೆ ನಮಗೆ,” ಎಂದ. ದೊರೆ ಎದ್ದು ಬಟ್ಟಲಿನ ಕಡೆ ನಡೆಯಿತು. “ಏಳು ದಿನ ನೀನು ಉಪವಾಸ ಬಿದ್ದಿದ್ದೆ. ಏಳು ದಿನವೂ ಬಂದು ನನ್ನ ಮಗಳಿಗೆ ತಿಂತು ತಿಂತು ಅಂತ ಸುಳ್ಳು ಹೇಳ್ದ. ಅವಳು ಎದ್ದು ವಾಪಸ್ ಹೋಗಿಬಿಡ್ತಾಳೆ ಅಂತ ಹೆದರ್ಕೊಂಡ. ನೀನು ಸಾಯೋಕೆ ಬಿದ್ದಿದ್ರೂ ಅವನಿಗೆ ಅವನ ಹೆದರಿಕೆ ಹೆಚ್ಚಾಯ್ತು, ಹೇಡಿ.”

ಅವನು ಬೈಯುತ್ತಿದ್ದಷ್ಟು ಹೊತ್ತೂ ದೊರೆ ತಿಂದಿತು. ಹೆಂಡತಿ ಗೋಡೆಗೆ ಒರಗಿ ಕೂತಳು.

“ಅಪ್ಪ ಕೊನೇಲಿ ಇನ್ನೊಂದು ಮಾತು ಹೇಳ್ತಿದ್ರು,” ಎಂದಳು. “ನಿಮಗೆ ಅದನ್ನ ಹೇಳಿರ್ಲಿಲ್ಲ. ಎಲ್ಲಾ ಬೈದು, ಕೈ ತೊಳೆಯೋ ಮುಂಚೆ, ‘ಏನೇ ಆಗ್ಲಿ ದೊರೆ, ಸುಳ್ಳು ಹೇಳೋ ಮನುಷ್ಯ ಅಲ್ಲ’ ಅನ್ನೋರು. ಸುಮ್ನೆ ತಿಂತು ಅಂತ ನೀವಂದಾಗ ನನಗೆ ನಂಬಿಕೆ ಬರ್ಲಿಲ್ಲ. ಆ ಮಾತು ನೆನಪಾಯ್ತು. ನಂಬಿದೆ.”

ಬೈಗುಳ ನಿಂತದ್ದನ್ನು ಕಂಡು ದೊರೆಯೂ ನಿಲ್ಲಿಸಿ ತಲೆಯೆತ್ತಿತು. ಬಟ್ಟಲಿನಲ್ಲಿ ಅರ್ಧ ಊಟ ಹಾಗೇ ಇತ್ತು. ಫ್ಯಾನು ನೆಲದ ಮಟ್ಟದಲ್ಲಿ ಅತ್ತ ಇತ್ತ ತಿರುಗುತ್ತಿತ್ತು.

ಹೆಂಡತಿ ಕಣ್ಣೊರೆಸಿಕೊಂಡು ಮುಂದಕ್ಕೆ ಜರುಗಿ ಬಟ್ಟಲಿನ ಪಕ್ಕ ಕೂತಳು.

“ಕೂತ್ಕೊಳ್ಳಿ ನೀವು,” ಎಂದಳು. “ಇನ್ನರ್ಧ ನಾನು ಬೈತೀನಿ.”