ಲಗ್ನಪತ್ರಿಕೆಗೆ ಯಾವ ಮಟ್ಟ?

ಏಪ್ರಿಲ್ 30, ಬುಧವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಜಗಳೂರು ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಲ್ಲಿ ದುರ್ಗಾಂಬಿಕಾಳ ಅರ್ಜಿ ಹದಿನಾಲ್ಕನೇ ಕಾಲಂಗೆ ಬಂದು ನಿಂತಿತು. ಅರ್ಜಿ ಸಲ್ಲಿಸಲು ಅಂದು ಸಂಜೆ 5 ಗಂಟೆಯೇ ಕೊನೆ.

ಬೆಂಗಳೂರಿನಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದ ಅರ್ಜಿ ಅದು. ಹಳ್ಳಿಗಳ ಇಪ್ಪತ್ತು ಮಂದಿಗೆ ಅಲ್ಲಿ ಮೂರು ವರ್ಷದ ಬಿ.ಎ., ಹಾಸ್ಟೆಲು, ಊಟ ಎಲ್ಲ ಉಚಿತ. ಪಿಯುಸಿ ಫಲಿತಾಂಶಕ್ಕೆ ಎಪ್ಪತ್ತು ಅಂಕ, ಆಗಲೇ ಮುಗಿದಿದ್ದ ಆನ್‌ಲೈನ್ ಪರೀಕ್ಷೆಗೆ ಇಪ್ಪತ್ತು, ಹದಿನಾಲ್ಕನೇ ಕಾಲಂನ ಪಠ್ಯೇತರ ಚಟುವಟಿಕೆಗೆ ಹತ್ತು. ಮೊದಲ ಎರಡರಿಂದ ಅವಳಿಗೆ 78 ಬಂದಿತ್ತು. ಹಿಂದಿನ ವರ್ಷ ಕೊನೆಯ ಸೀಟು ಹೋಗಿದ್ದು 82ಕ್ಕೆ. ಹದಿನಾಲ್ಕನೇ ಕಾಲಂನಿಂದ ನಾಲ್ಕು ಅಂಕ ಬಂದರೆ ಸಾಕಿತ್ತು.

ಸೆಂಟರಿನ ಕೊಟ್ರೇಶ್ ಮೌಸ್ ಮೇಲೆ ಕೈ ಇಟ್ಟುಕೊಂಡೇ ಕೇಳಿದ: "ಕ್ರೀಡೆ, ಸಂಗೀತ, ನೃತ್ಯ, ಎನ್ನೆಸ್ಸೆಸ್ಸು, ಎನ್‌ಸಿಸಿ, ಇತರೆ. ಯಾವ್ದು ಒತ್ತಲಿ ತಂಗಿ?"

"ಇತರೆ ಒತ್ತಣ್ಣ."

"ಇತರೆ ಅಂದ್ರೆ ಏನಂತ ಬರೀಬೇಕಂತೆ."

"ಲಗ್ನಪತ್ರಿಕೆ ಸಂಗ್ರಹ."

ಪಕ್ಕದ ಕುರ್ಚಿಯಲ್ಲಿ ಪಹಣಿ ತೆಗೆಸಲು ಕೂತಿದ್ದವರು ತಿರುಗಿ ನೋಡಿದರು. ಕೊಟ್ರೇಶ್ ನಕ್ಕ. "ಆಯ್ತು, ಬರೀತೀನಿ. ಮಟ್ಟ ಯಾವ್ದು? ಶಾಲಾ ಮಟ್ಟನೋ, ತಾಲ್ಲೂಕು, ಜಿಲ್ಲೆ, ರಾಜ್ಯನೋ? ಒತ್ತದಿದ್ರೆ ಮುಂದಕ್ಕೆ ಹೋಗಲ್ಲ. ಸರ್ಟಿಫಿಕೇಟೂ ಕೇಳ್ತೈತೆ."

ದುರ್ಗಾಂಬಿಕಾ ಬ್ಯಾಗಿನಿಂದ ನಾಲ್ಕು ರಿಜಿಸ್ಟರು ತೆಗೆದು ಮೇಜಿನ ಮೇಲಿಟ್ಟಳು. ಅವುಗಳಲ್ಲಿ 2,146 ಮದುವೆಗಳಿದ್ದವು.

ಅವಳ ಅಪ್ಪ ಭೀಮೇಶ್ ಜಗಳೂರು ತಾಲ್ಲೂಕಿನ ಸೊಕ್ಕೆ ಹಳ್ಳಿಯವರು, ಗೋಡೆಗೆ ಬಣ್ಣ ಹೊಡೆಯುವ ಕೆಲಸ. ಈ ಕಡೆ ಮದುವೆ ಗೊತ್ತಾದ ಮನೆಗೆ ಮೊದಲು ಬಣ್ಣ ಆಗಬೇಕು, ಆಮೇಲೆ ಬಾಗಿಲ ಪಕ್ಕದ ಗೋಡೆಯ ಮೇಲೆ ಗಂಡು ಹೆಣ್ಣಿನ ಹೆಸರು ಬರೆಯಬೇಕು. ಹೆಸರು ತಪ್ಪಾಗಬಾರದೆಂದು ಮನೆಯವರು ಪೇಂಟರ ಕೈಗೆ ಒಂದು ಲಗ್ನಪತ್ರಿಕೆ ಕೊಡುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಕೆಲಸ ಸಿಕ್ಕಲ್ಲಿ ವಾರಗಟ್ಟಲೆ ಉಳಿದು ಬರುವ ಭೀಮೇಶ್, ಕೆಲಸ ಮುಗಿದ ಮೇಲೆ ಆ ಕಾರ್ಡುಗಳನ್ನು ಮಗಳಿಗೆ ತಂದುಕೊಡುತ್ತಿದ್ದರು. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಬಣ್ಣಕ್ಕೆ ಮರುಳಾಗಿ ಕೂಡಿಡತೊಡಗಿದ್ದು. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಬಣ್ಣ ನೋಡುವುದು ಬಿಟ್ಟು ಊರು ನೋಡತೊಡಗಿದಳು. ಹೆಣ್ಣಿನ ಊರು, ಗಂಡಿನ ಊರು, ಎರಡರ ನಡುವಿನ ದೂರ, ನಡುವೆ ನೇರ ಬಸ್ಸು ಇದೆಯೋ ಇಲ್ಲವೋ. ಎಲ್ಲವೂ ರಿಜಿಸ್ಟರಿನಲ್ಲಿತ್ತು. ಪರಿಚಯದವರ ಹಳೆಯ ಟ್ರಂಕುಗಳಿಂದ ಬಂದ ಕಾರ್ಡುಗಳಲ್ಲಿ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ತಾಲ್ಲೂಕಾದ ಮೇಲೂ ಎರಡು ವರ್ಷ ಅಲ್ಲಿಯ ಜನ ಕಾರ್ಡಿನಲ್ಲಿ "ಹೊನ್ನಾಳಿ ತಾ||" ಎಂದೇ ಹಾಕಿಸಿದ್ದರು. ಇವೆಲ್ಲ ಒಂದೇ ಜಿಲ್ಲೆಗೆ ಸೇರಿ ಇಪ್ಪತ್ತೇಳು ವರ್ಷವಾದರೂ ಜಗಳೂರು ತಾಲ್ಲೂಕಿಗೂ ಉಳಿದ ಮೂರು ತಾಲ್ಲೂಕುಗಳಿಗೂ ನಡುವೆ ಆದ ಮದುವೆ ಅವಳ ಲೆಕ್ಕದಲ್ಲಿ ಹನ್ನೊಂದೇ. ನೇರ ಬಸ್ಸಿಲ್ಲದ ಊರಿಗೆ ಹೆಣ್ಣು ಹೋಗಿಲ್ಲ, ಅಲ್ಲಿಂದ ಹೆಣ್ಣು ಬಂದಿಲ್ಲ. ಯಾರೂ ಹೇಳಿಕೊಡದೆ ಅವಳು ಕಂಡುಕೊಂಡ ಸಂಗತಿ ಇದು.

ಆ ವಿಶ್ವವಿದ್ಯಾಲಯದಲ್ಲಿ ಜನ ಎಲ್ಲಿಂದ ಎಲ್ಲಿಗೆ ಹೋಗಿ ನೆಲೆಸುತ್ತಾರೆ ಎಂಬುದನ್ನೇ ಕಲಿಸುವ ವಿಭಾಗವಿತ್ತು. ಹಾಗಾಗಿಯೇ ಅರ್ಜಿ.

ಅವಳು ತನ್ನ ಪಿಯು ಕಾಲೇಜಿನ ಉಪನ್ಯಾಸಕ ರವಿಕುಮಾರರಿಗೆ ಫೋನ್ ಮಾಡಿದಳು. ಅಂದು ಬಸವ ಜಯಂತಿ. ಕಾಲೇಜಿಗೆ ಬೀಗ. ಫೋನಿನಲ್ಲಿ ಡೊಳ್ಳಿನ ಸದ್ದು ಕೇಳಿಸುತ್ತಿತ್ತು.

"ಸಾರ್, ಕಾರ್ಡಿನ ವಿಷಯ ಪಠ್ಯೇತರ ಅಂತ ಹಾಕಾಕೆ ಬರ್ತೈತಾ?"

"ಅದು ಹವ್ಯಾಸ ಆತಮ್ಮ. ಪಠ್ಯೇತರ ಅಂದ್ರೆ ಬ್ಯಾರೆ."

"ಹೆಂಗೆ ಬ್ಯಾರೆ ಸಾರ್?"

"ಹೆಂಗೆ ಅಂದ್ರೆ... ಖೋ ಖೋ ಆಡಿದ್ರೆ ಪಠ್ಯೇತರ. ಭಾಷಣ ಮಾಡಿದ್ರೆ ಪಠ್ಯೇತರ. ಯಾರಾದ್ರೂ ಮುಂದೆ ನಿಂತು ನೋಡಿ ಬಹುಮಾನ ಕೊಟ್ಟಿರ್ಬೇಕು. ನೀನು ಮನ್ಯಾಗೆ ಒಬ್ಳೇ ಕುಂತು ಬರ್ಕೊಂಡ್ರೆ ಯಾರು ನೋಡ್ಯಾರೆ?"

"ಆರು ವರ್ಷ ಬರ್ದೀನಿ ಸಾರ್."

"ಅರವತ್ತು ವರ್ಷ ಬರಿ. ಸೀಲು ಎಲ್ಲೈತೆ?"

ಅವಳು ವಿಶ್ವವಿದ್ಯಾಲಯದ ಸಹಾಯವಾಣಿಗೆ ಮಾಡಿದಳು. ಹತ್ತೊಂಬತ್ತು ನಿಮಿಷ ಸಂಗೀತ ಕೇಳಿಸಿ ಆಮೇಲೆ ಒಬ್ಬ ಹುಡುಗಿ ಮಾತನಾಡಿದಳು. ಇತರೆ ಎಂದು ಹಾಕಬಹುದು, ಚಟುವಟಿಕೆ ಯಾವುದಾದರೂ ನಡೆಯುತ್ತದೆ, ಆದರೆ ಒಂದು ಸಂಸ್ಥೆ ದೃಢೀಕರಿಸಿರಬೇಕು ಎಂದಳು.

"ಯಾವ ಸಂಸ್ಥೆ ಮೇಡಂ?"

"ಯಾವುದಾದರೂ. ಹೆಸರು, ವಿಳಾಸ, ಸಹಿ, ಸೀಲು ಇದ್ದರೆ ಸಾಕು."

ದುರ್ಗಾಂಬಿಕಾಳಿಗೆ ಹೊಳೆದ ಸಂಸ್ಥೆ ಒಂದೇ, ಗಿಡ್ಡಪ್ಪನವರ ಪ್ರಿಂಟಿಂಗ್ ಪ್ರೆಸ್ಸು. ಮೂವತ್ತೆರಡು ವರ್ಷದಿಂದ ಮದುವೆ ಕಾರ್ಡು ಅಚ್ಚು ಹಾಕುತ್ತಿದ್ದ ಅವರು, ಪ್ರತಿ ಕಾರ್ಡಿನದೊಂದು ಪ್ರತಿಯನ್ನು ಅವಳಿಗೆಂದೇ ತೆಗೆದಿಡುತ್ತಿದ್ದರು. ಹೋದರೆ ಪ್ರೆಸ್ಸಿನ ಷಟರು ಎಳೆದಿತ್ತು. ಅಕ್ಷಯ ತದಿಗೆಯೂ ಅದೇ ದಿನ ಬಿದ್ದಿತ್ತು. ಅಜ್ಜ ಮದುವೆಗೆ ಹೋಗಿದ್ದಾರೆ ಎಂದು ಪಕ್ಕದ ಅಂಗಡಿಯವರು ಹೇಳಿದರು.

ಕಲ್ಯಾಣ ಮಂಟಪದಲ್ಲಿ ಗಿಡ್ಡಪ್ಪ ಎರಡನೇ ಪಂಕ್ತಿಯಲ್ಲಿ ಕೂತಿದ್ದರು. ಎಲೆಗೆ ಇನ್ನೂ ಉಪ್ಪು ಬಂದಿರಲಿಲ್ಲ. ದುರ್ಗಾಂಬಿಕಾ ಕಂಬದ ಪಕ್ಕ ಕಾಯುತ್ತ ನಿಂತಳು. ಸೊಕ್ಕೆಯ ಶಂಕರಮ್ಮನ ಕಣ್ಣಿಗೆ ಬೀಳದೆ ಇರಲು ಆಗಲಿಲ್ಲ.

"ಓ, ಬಂದ್ಲು ನೋಡ್ರಿ ಕಾರ್ಡಿನ ಹುಡುಗಿ! ಇಲ್ಲಿಗೂ ಕಾರ್ಡು ಕೇಳಾಕೆ ಬಂದ್ಯೇನವ್ವ?"

"ಇಲ್ಲ ಅತ್ತೆ, ಅಜ್ಜನ ಹತ್ರ ಕೆಲಸ ಇತ್ತು."

"ಊರವ್ರ ಕಾರ್ಡೆಲ್ಲ ನೋಡಿ ಆತು. ನಿಂದು ಯಾವಾಗ ಕೊಡ್ತೀಯ? ಭೀಮಣ್ಣಂಗೆ ಹೇಳ್ಲಾ? ನ್ಯಾಮತಿ ಕಡೆ ಒಂದು ಗಂಡು ಐತೆ."

ಅಕ್ಕಪಕ್ಕದ ಹೆಂಗಸರು ನಕ್ಕರು. ಇದು ಆರು ವರ್ಷದಿಂದ ಕೇಳಿದ ಮಾತೇ. ಮದುವೆ ಕಾರ್ಡು ಕೂಡಿಡುವ ಹುಡುಗಿಗೆ ಮದುವೆಯ ಆಸೆ ಎಂದು ಊರು ಯಾವತ್ತೋ ತೀರ್ಮಾನಿಸಿತ್ತು. ಇಂದು ಮಾತ್ರ ಅವಳಿಗೆ ಅಲ್ಲೇ ಕೂಗಿಬಿಡಬೇಕು ಅನ್ನಿಸಿತು. ಗಡಿಯಾರ ನೋಡಿದಳು. 1 ಗಂಟೆ 50 ನಿಮಿಷ. ಸಾರಿನ ಬಕೆಟ್ಟು ಆಗಷ್ಟೇ ಆ ಸಾಲಿಗೆ ಬರುತ್ತಿತ್ತು.

ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಗಂಡಿನ ಅಪ್ಪನನ್ನು ಮಾತಾಡಿಸಿ, ಗಿಡ್ಡಪ್ಪ ಪ್ರೆಸ್ಸಿಗೆ ಬಂದಾಗ 2 ಗಂಟೆ 55. ವಿಷಯ ಕೇಳಿ ಅವರ ಮುಖ ಅರಳಿತು.

"ನಮ್ಮ ಪ್ರೆಸ್ಸಿನ ಕಾಗದ ಯೂನಿವರ್ಸಿಟಿಗೆ ಹೋಗ್ತೈತಾ? ಕುಂದ್ರವ್ವ, ಫಸ್ಟ್ ಕ್ಲಾಸ್ ಮಾಡಿಕೊಡ್ತೀನಿ."

ಅವರೇ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಒತ್ತಿದರು. ಅವರ ಹತ್ತಿರ ಸಂಸ್ಥೆಯ ಹೆಸರಿರುವ ಖಾಲಿ ಹಾಳೆ ಇರಲಿಲ್ಲ. ಇದ್ದದ್ದು ಕಾರ್ಡಿನ ಮಾದರಿಗಳು ಮಾತ್ರ. ಇದ್ದುದರಲ್ಲೇ ಭಾರಿಯಾದ ಕೆನೆಬಣ್ಣದ ಕಾರ್ಡು ತೆಗೆದರು. ಅಚ್ಚಾಗಿ ಹೊರಬಂದಾಗ ಮೇಲೆ ಗಣಪತಿ, ಅದರ ಕೆಳಗೆ ಕುಲದೇವರ ಹೆಸರು, ಸುತ್ತ ಚಿನ್ನದ ಬಣ್ಣದ ಬಳ್ಳಿ. ನಡುವೆ, "ಸೊಕ್ಕೆ ಗ್ರಾಮದ ಶ್ರೀ ಭೀಮೇಶ್ ಇವರ ಪುತ್ರಿ ಚಿ||ಸೌ|| ದುರ್ಗಾಂಬಿಕಾ ಇವಳು ಆರು ವರ್ಷದಿಂದ ಲಗ್ನಪತ್ರಿಕೆಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡಿರುತ್ತಾಳೆ." ಕೊನೆಯಲ್ಲಿ, "ತಮ್ಮ ಆಗಮನವನ್ನು ಬಯಸುವ ಬಂಧುಮಿತ್ರರು."

"ಅಜ್ಜ, ಇದು ಮದ್ವೆ ಕಾರ್ಡಾಗೈತಲ್ಲ!"

"ಕೊನೆ ಸಾಲು ತಪ್ಪು, ಅದು ಮಾದರ್‍ಯಾಗೆ ಇತ್ತು. ತೆಗೀತೀನಿ ತಗಾ."

"ಗಣಪತಿನೂ ತೆಗೀರಿ. ಬಳ್ಳಿನೂ."

"ಗಣಪತಿ ತೆಗೀಬೇಕಾ?" ಗಿಡ್ಡಪ್ಪ ಕನ್ನಡಕ ಇಳಿಸಿ ಅವಳನ್ನೇ ನೋಡಿದರು. "ಮ್ಯಾಲೆ ದೇವ್ರಿಲ್ದೆ ಈ ಮಷೀನಿಂದ ಒಂದು ಕಾಗದ ಹೊರಗೆ ಹೋಗಿಲ್ಲ. ನಿನ್ನ ಒಳ್ಳೇದಕ್ಕೇ ಹಾಕೀನಿ."

ಕೊನೆಯ ಸಾಲು ಹೋಯಿತು, ಉಳಿದದ್ದು ಹಾಗೇ ಉಳಿಯಿತು. ವಾದ ಮಾಡಲು ಸಮಯವಿರಲಿಲ್ಲ. ಗಿಡ್ಡಪ್ಪ ಸಹಿ ಹಾಕಿ ಬಿಲ್ ಪುಸ್ತಕಕ್ಕೆ ಒತ್ತುವ ಸೀಲು ಒತ್ತಿದರು. ಆಮೇಲೆ, ಮೂವತ್ತೆರಡು ವರ್ಷದ ರೂಢಿಯಂತೆ, ಮೇಜಿನ ಮೂಲೆಯ ಡಬ್ಬಿಗೆ ಬೆರಳು ಅದ್ದಿ ಮೊದಲ ಪ್ರತಿಯ ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿದರು. ಅವಳು ಕೈ ಅಡ್ಡ ಹಿಡಿಯುವಷ್ಟರಲ್ಲಿ ನಾಲ್ಕನೆಯ ಮೂಲೆಯೂ ಆಗಿತ್ತು. ಇನ್ನೊಂದು ಪ್ರತಿ ತೆಗೆಯೋಣವೆಂದರೆ ಕರೆಂಟು ಹೋಯಿತು.

4 ಗಂಟೆ 8 ನಿಮಿಷಕ್ಕೆ ಕೊಟ್ರೇಶ್ ಅದನ್ನೇ ಸ್ಕ್ಯಾನ್ ಮಾಡಿ ಹಾಕಿದ. ಅವನಲ್ಲಿ ಯುಪಿಎಸ್ ಇತ್ತು. ಮಟ್ಟ ಎಂಬಲ್ಲಿ "ತಾಲ್ಲೂಕು" ಎಂದು ಒತ್ತಿದರು. 4 ಗಂಟೆ 21ಕ್ಕೆ ಅವಳ ಮೊಬೈಲಿಗೆ ಸಂದೇಶ ಬಂತು: ಕಾಲಂ 14, ಲಗತ್ತಿಸಿದ ದಾಖಲೆ ವಿವಾಹ ಆಮಂತ್ರಣ ಪತ್ರಿಕೆ, ತಿರಸ್ಕರಿಸಲಾಗಿದೆ.

ಸಹಾಯವಾಣಿಯಲ್ಲಿ ಬೆಳಗಿನ ಹುಡುಗಿಯೇ ಸಿಕ್ಕಳು. ದುರ್ಗಾಂಬಿಕಾ ನಡೆದದ್ದನ್ನು ಹೇಳಿದಳು. ಅತ್ತ ಕಡೆ ಕೀಬೋರ್ಡಿನ ಸದ್ದು.

"ಮೇಡಂ, ನಿಮ್ಮ ಮದುವೆ ನಿಶ್ಚಯ ಆಗಿದೆಯಾ? ಈ ಸೀಟು ಅವಿವಾಹಿತರಿಗೆ ಮಾತ್ರ."

"ನಂಗೆ ಮದ್ವೆ ಇಲ್ಲ ಮೇಡಂ! ಅದು ಪ್ರೆಸ್ಸಿನವರು ಕೊಟ್ಟ ಸರ್ಟಿಫಿಕೇಟು. ಓದಿ ನೋಡ್ರಿ."

"ಇಲ್ಲಿ ಗಣೇಶ ಇದೆ, ಅರಿಸಿನ ಇದೆ, ಚಿ. ಸೌ. ಇದೆ. ನಾನು ಏನಂತ ನೋಡಲಿ? ಬೇರೆ ದಾಖಲೆ ಹಾಕಿ, ಐದರವರೆಗೆ ಟೈಮ್ ಇದೆ."

ಫೋನ್ ಇಟ್ಟು ಅವಳು ಒಂದು ರಿಜಿಸ್ಟರು ತೆರೆದಳು. ರಿಜಿಸ್ಟರಿನ ಹಾಳೆಗಳನ್ನೇ ಹಾಕಿದರೂ ಸೀಲಿಲ್ಲ. ಸೀಲಿದ್ದ ಕಾಗದ ಮದುವೆ ಕಾರ್ಡಿನಂತಿತ್ತು.

4 ಗಂಟೆ 38ಕ್ಕೆ ರವಿಕುಮಾರ್ ಸ್ಕೂಟರಿನಲ್ಲಿ ಬಂದರು. ಹಣೆಯ ಮೇಲೆ ವಿಭೂತಿ ಬೆವರಿಗೆ ಕರಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರು, ಅದರೊಳಗೆ ಒಂದು ಪ್ರಮಾಣಪತ್ರ. ತಾಲ್ಲೂಕು ಮಟ್ಟದ ಪ್ರಬಂಧ ಸ್ಪರ್ಧೆ, ಪ್ರಥಮ ಬಹುಮಾನ. ಪ್ರಾಂಶುಪಾಲರ ಸಹಿ, ಕಾಲೇಜಿನ ಸೀಲು ಎರಡೂ ಇದ್ದವು. ಹೆಸರಿನ ಜಾಗ ಖಾಲಿ.

"ಮನ್ಯಾಗೆ ಹತ್ತು ಉಳಿದಿದ್ವು. ನೀನು ಫೋನ್ ಮಾಡಿದ ಮ್ಯಾಲೆ ಮನಸ್ಸು ತಡೀಲಿಲ್ಲ. ಹೆಸರು ಬರಿ, ಹಾಕು. ತಾಲ್ಲೂಕು ಮಟ್ಟಕ್ಕೆ ಆರು ಮಾರ್ಕ್ಸ್ ಐತೆ, ನಾನೇ ನೋಡೀನಿ."

"ಇದ್ರಾಗೆ ಯಾರು ಫಸ್ಟ್ ಬಂದಿದ್ರು ಸಾರ್?"

"ಯಾರೂ ಇಲ್ಲಮ್ಮ, ಅನುಮಾನ ಪಡಬ್ಯಾಡ. ಸ್ಪರ್ಧೆ ನಡೀಲೇ ಇಲ್ಲ. ಆವತ್ತು ಬಸ್ ಬಂದ್ ಆಗಿ ಯಾರೂ ಬರಲಿಲ್ಲ. ಒಬ್ರದ್ದೂ ಕಸ್ಕೊಂಡಂಗಾಗಲ್ಲ."

ದುರ್ಗಾಂಬಿಕಾ ಪ್ರಮಾಣಪತ್ರವನ್ನು ಎರಡು ಸಲ ಓದಿದಳು.

"ಕಾರ್ಡು ಅಚ್ಚಾಗಿ ಮದ್ವೆ ನಿಂತಿರ್ತವಲ್ಲ ಸಾರ್, ಅಂಥವು ಮೂವತ್ತೇಳು ಸಿಕ್ಕಿದಾವೆ ನಂಗೆ. ಒಂದನ್ನೂ ರಿಜಿಸ್ಟರಿಗೆ ಹಚ್ಚಿಲ್ಲ."

"ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?"

"ನಡೀದೆ ಇರೋದು ನಡೆದೈತೆ ಅಂತ ಹೆಂಗೆ ಬರೀಲಿ ಸಾರ್? ನಡೆದದ್ದು ಎರಡು ಸಾವಿರದ ನೂರಾ ನಲವತ್ತಾರು ಇಲ್ಲಿ ಅದಾವೆ, ಅದು ಯಾರಿಗೂ ಬ್ಯಾಡ!"

ಅವಳ ದನಿ ಏರಿತ್ತು. ಸೆಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ರವಿಕುಮಾರ್ ಸುತ್ತ ನೋಡಿ ತಗ್ಗಿದ ದನಿಯಲ್ಲಿ, "ಎಲ್ರೂ ಮಾಡ್ತಾರಮ್ಮ. ನಿನ್ನ ಪಕ್ಕ ಕೂರೋ ಹತ್ತೊಂಬತ್ತು ಮಂದೀನೂ ಮಾಡಿರ್ತಾರೆ. ನಿಮ್ಮಪ್ಪನ್ನಾದ್ರೂ ಕೇಳು" ಎಂದರು.

ಭೀಮೇಶ್ ಚನ್ನಗಿರಿಯಲ್ಲಿ ಏಣಿಯ ಮೇಲಿದ್ದರು. ಫೋನನ್ನು ಕೆಳಗಿದ್ದವರು ಎತ್ತಿ ಮೇಲಕ್ಕೆ ಕೊಟ್ಟರು. ಮಗಳು ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ನಂಗೆ ಇದೆಲ್ಲ ತಿಳಿಯಲ್ಲವ್ವ," ಎಂದರು ಭೀಮೇಶ್. "ನಿಂಗೆ ಹೆಂಗೆ ಸರಿ ಕಾಣ್ತೈತೋ ಹಂಗೆ ಮಾಡು. ಆಮ್ಯಾಲೆ ನನ್ನ ಮುಂದೆ ಅಳಬ್ಯಾಡ, ಅಷ್ಟೇ."

4 ಗಂಟೆ 54. ಕೊಟ್ರೇಶ್ ಅವಳ ಮುಖ ನೋಡಿದ. "ಬೇಗ ಹೇಳು ತಂಗಿ. ಸರ್ವರ್ ಆಗ್ಲೇ ನಿಧಾನ ಆಗೈತೆ."

"'ಯಾವುದೂ ಇಲ್ಲ' ಅಂತ ಒಂದು ಐತಲ್ಲ, ಅದನ್ನ ಒತ್ತಣ್ಣ."

ಅವನು ಒತ್ತಿದ. ಮಟ್ಟ, ಸರ್ಟಿಫಿಕೇಟು ಕೇಳುವ ಜಾಗಗಳು ಮಾಯವಾದವು. ಅರ್ಜಿ ಒಂದೇ ಸಲಕ್ಕೆ ಹೋಯಿತು. ರವಿಕುಮಾರ್ ಫೋಲ್ಡರನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಹೊರಟರು. ದುರ್ಗಾಂಬಿಕಾ ಅವರಿಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಿತ್ತೇನೋ ಎಂದು ಬಸ್ಸಿನಲ್ಲಿ ಅನ್ನಿಸಿ, ಆ ಯೋಚನೆಯ ಮೇಲೂ ಸಿಟ್ಟು ಬಂತು.

ಅರ್ಜಿದಾರರೆಲ್ಲರ ಅಂಕಗಳ ಪಟ್ಟಿ ಮೇ 26ರಂದು ಪ್ರಕಟವಾಯಿತು. ಇಪ್ಪತ್ತನೆಯ, ಕೊನೆಯ ಸೀಟು 81ಕ್ಕೆ ಹೋಗಿತ್ತು. ಪಟ್ಟಿಯಲ್ಲಿ ದುರ್ಗಾಂಬಿಕಾಳ ಹೆಸರು ಇಪ್ಪತ್ತಾರನೆಯದು, ಪಠ್ಯೇತರದಲ್ಲಿ ಹತ್ತಕ್ಕೆ ಸೊನ್ನೆ. ಜೂನ್ ಎರಡನೇ ವಾರ ಅವಳು ಜಗಳೂರಿನಲ್ಲೇ ಬಿ.ಎ.ಗೆ ಸೇರಿದಳು.